ನಲವತ್ತು ಅಕ್ಷರದ ಗೋಡೆ

ನೋಟಿಸಿನಲ್ಲಿದ್ದದ್ದು ಆರೇ ಸಾಲು. ಹೊರರೋಗಿ ವಿಭಾಗದ ಮೂರನೇ ಕೌಂಟರಿನ ಟೈಪಿಸ್ಟ್, ರೋಗಿಯೊಬ್ಬರಿಗೆ ಒಗ್ಗದ ಔಷಧಿಗಳ ಪಟ್ಟಿಯನ್ನು ಅರ್ಧಕ್ಕೇ ಬಿಟ್ಟು ಆತನ ಜೀವಕ್ಕೆ ಅಪಾಯ ತಂದಿದ್ದಾರೆ. ಅವರನ್ನು ಕೆಲಸದಿಂದ ಏಕೆ ತೆಗೆಯಬಾರದು ಎಂಬುದಕ್ಕೆ ಸೋಮವಾರದ ಸಭೆಯಲ್ಲಿ ಉತ್ತರ ಕೊಡತಕ್ಕದ್ದು. ತಕರಾರಮ್ಮ ಅದನ್ನು ನಿಂತಲ್ಲೇ ಎರಡು ಸಲ ಓದಿದಳು. ಮೂರನೇ ಸಲಕ್ಕೆ ಪಿತ್ತ ನೆತ್ತಿಗೇರಿತು.

"ಅರ್ಧಕ್ಕೇ ಬಿಟ್ಟಳಂತೆ! ಯಾರು ಬರೆದದ್ದು ಇದನ್ನ?"

"ಆಡಳಿತಾಧಿಕಾರಿ ಸಾಹೇಬ್ರು," ಎಂದಳು ಪಟಪಟಿ. ಕೌಂಟರಿನಲ್ಲಿ ಕೀಲಿಮಣೆಯ ಮೇಲೆ ಅವಳ ಬೆರಳು ಓಡುವ ಸದ್ದಿಗೇ ಆ ಹೆಸರು ಬಿದ್ದಿತ್ತು. ಹತ್ತೊಂಬತ್ತು ವರ್ಷದಿಂದ ಅದೇ ಕುರ್ಚಿ. ಈಗ ಮಾತ್ರ ಅವಳ ಕೈಗಳು ಸೆರಗಿನ ತುದಿಯನ್ನು ಸುತ್ತುತ್ತ ಬಿಚ್ಚುತ್ತ ಕೂತಿದ್ದವು. "ಅಕ್ಕಾ, ನಾನು ನಾಲ್ಕೂ ಹೊಡೆದಿದ್ದೆ ಅಂತಲೇ ನೆನಪು. ಆದ್ರೆ ಎರಡು ವರ್ಷದ ಹಿಂದಿನ ಮಾತು. ದಿನಕ್ಕೆ ಇನ್ನೂರು ಜನ ಬರ್ತಾರೆ. ಆಣೆ ಇಟ್ಟು ಹೇಳು ಅಂದ್ರೆ ಹೇಗೆ ಹೇಳಲಿ?"

"ಆಣೆ ಯಾಕೆ ಇಡ್ತೀಯ? ನೀನೇನು ಕದ್ದಿದ್ದೀಯಾ?"

ಆದದ್ದು ಇಷ್ಟು. ಹಿಂದಿನ ವಾರ ಒಬ್ಬ ಗಾರೆ ಕೆಲಸದವನನ್ನು ಕಾಲಿನ ಗಾಯ ಕೀವಾಗಿದೆಯೆಂದು ಕರೆತಂದಿದ್ದರು. ಎರಡು ವರ್ಷದ ಹಿಂದೆ ಬಂದಾಗ ಡಾಕ್ಟರು ಚೀಟಿಯ ಮೇಲೆ ಅವನಿಗೆ ಒಗ್ಗದ ನಾಲ್ಕು ಔಷಧಿಗಳ ಹೆಸರು ಬರೆದಿದ್ದರು. ಆ ಚೀಟಿ ನೆಲಮಾಳಿಗೆಯ ಕಟ್ಟಿನಲ್ಲಿ ಇತ್ತು. ಕಂಪ್ಯೂಟರಿನಲ್ಲಿ ಮೂರೇ ಇದ್ದವು. ವಾರ್ಡಿನ ನರ್ಸು ಕಂಪ್ಯೂಟರು ನೋಡಿ ನಾಲ್ಕನೆಯದನ್ನು ಚುಚ್ಚಿದಳು. ಹತ್ತು ನಿಮಿಷದಲ್ಲಿ ಅವನ ಮುಖ ಊದಿ, ಗಂಟಲು ಕಟ್ಟಿ, ಮೂರು ದಿನ ಉಸಿರಾಟದ ಯಂತ್ರದ ಮೇಲೆ ಮಲಗಿದ. ಬದುಕಿದ. ಅವನ ಹೆಂಡತಿ ಆಡಳಿತಾಧಿಕಾರಿಯ ಕೋಣೆಯ ಬಾಗಿಲಲ್ಲಿ ನಿಂತು ಬೈದ ಬೈಗುಳ ಎರಡನೇ ಮಹಡಿಗೂ ಕೇಳಿಸಿತ್ತು. ಅಂಥ ಬೈಗುಳ ಕೇಳಿಸಿಕೊಂಡ ಮನುಷ್ಯನಿಗೆ ತನ್ನ ಕೆಳಗೆ ಯಾರಾದರೂ ಬೇಕಾಗುತ್ತಾರೆ. ಪಟಪಟಿ ಸಿಕ್ಕಿದಳು.

ಅವಳ ವಿರುದ್ಧ ಇದ್ದ ಸಾಕ್ಷಿಯೂ ವಿಚಿತ್ರ. ಕಂಪ್ಯೂಟರಿನಲ್ಲಿ ಮೂರು ಹೆಸರು, ಮೂರನೆಯದರ ಹಿಂದೆ ಒಂದು ಅಲ್ಪವಿರಾಮ, ಆಮೇಲೆ ಏನೂ ಇಲ್ಲ.

"ಅಲ್ಪವಿರಾಮ ಒತ್ತಿ ಚಹಾಕ್ಕೆ ಎದ್ದು ಹೋಗಿದಾರೆ," ಎಂದು ಆಡಳಿತಾಧಿಕಾರಿ ಎಲ್ಲರೆದುರೂ ನಕ್ಕಿದ್ದನಂತೆ.

"ನಾನು ಚಹಾ ಕುಡಿಯಲ್ಲ ಅಕ್ಕಾ," ಎಂದಳು ಪಟಪಟಿ. ಅಳಲಿಲ್ಲ.

ತಕರಾರಮ್ಮ ಇಪ್ಪತ್ತೆಂಟು ವರ್ಷದ ಹಿಂದೆ ಈ ಆಸ್ಪತ್ರೆಗೆ ಸೇರಿದ್ದು ಕಡತ ಹೊರುವ ಕೆಲಸಕ್ಕೆ. ನೆಲಮಾಳಿಗೆಯಲ್ಲಿ ರೆಕಾರ್ಡ್ ರೂಮು, ತುಕ್ಕು ಹಿಡಿದ ಕಪಾಟು, ಮೇಲಿನ ಹಲಗೆಗೆ ಒಂದು ಏಣಿ. ಮೊದಲ ಕಂಪ್ಯೂಟರು ಬಂದಾಗ ಉಳಿದವರು ಅದಕ್ಕೆ ಬಟ್ಟೆಯ ಹೊದಿಕೆ ಹೊಲಿಸಿದರು. ಇವಳು ಜೊತೆಗೆ ಬಂದಿದ್ದ ಕೈಪಿಡಿಯನ್ನು ಮನೆಗೆ ಒಯ್ದು ಓದಿದಳು. ಓದಿ ಅರ್ಥವಾಗದ್ದನ್ನು ಮತ್ತೆ ಓದಿದಳು. ಕೊನೆಗೆ ಇಡೀ ಆಸ್ಪತ್ರೆಯ ದಾಖಲೆಗಳಿಗೆ ಅವಳೇ ಯಜಮಾನಿಯಾದಳು. ಯಾರೂ ಪ್ರೀತಿಯಿಂದ ಕೊಟ್ಟದ್ದಲ್ಲ. ಆ ತಲೆನೋವು ಬೇರೆ ಯಾರಿಗೂ ಬೇಕಿರಲಿಲ್ಲ.

ಅವಳಿಗೆ ಆ ಹೆಸರಿಟ್ಟವನು ಒಬ್ಬ ಶಸ್ತ್ರವೈದ್ಯ. "ಫೆಬ್ರವರಿ ಮೂವತ್ತೊಂದಕ್ಕೆ ಯಾವ ಮಗು ಹುಟ್ಟುತ್ತೆ ಡಾಕ್ಟ್ರೇ?" ಎಂದು ಅವನು ತುಂಬಿದ ಫಾರಮ್ಮನ್ನು ಅವಳು ಅವನ ಮೇಜಿಗೇ ವಾಪಸು ಒಯ್ದಿದ್ದಳು. ಸಂಜೆಯೊಳಗೆ ಗೇಟಿನ ಕಾವಲುಗಾರನೂ ತಕರಾರಮ್ಮ ಎನ್ನತೊಡಗಿದ್ದ. ಎರಡು ದಿನ ಅವಳು ಮುಖ ಸಿಂಡರಿಸಿಕೊಂಡು ಓಡಾಡಿ, ಆಮೇಲೆ ಸುಮ್ಮನಾದಳು. ತಕರಾರು ಮಾಡುವವರು ಇನ್ನೊಬ್ಬರಿದ್ದಿದ್ದರೆ ತನಗೆ ಆ ಹೆಸರು ಯಾಕೆ ಬರುತ್ತಿತ್ತು?

ಅವಳು ಮಾಡಿದ ಕಟ್ಟಳೆ ಒಂದಿತ್ತು. ಸರ್ವರಿನಲ್ಲಿ ಯಾರು ಏನು ಬದಲಾಯಿಸಿದರೂ ಆ ಸಾಲಿನ ಮೇಲೆ ತಾರೀಖು, ಕಾರಣ, ಮಾಡಿದವರ ಗುರುತು ಬರೆಯಬೇಕು. ಹಿಂದೆ ಇದ್ದ ಸಿಸ್ಟಂ ಇಂಜಿನಿಯರು ಒಮ್ಮೆ ಬರೆಯದೆ ಹೋದಾಗ, "ಗುರುತು ಹಾಕದೆ ಬದಲಾಯಿಸೋದು ಕಳ್ಳತನ ಕಣಪ್ಪ," ಎಂದು ಕ್ಯಾಂಟೀನಿನಲ್ಲಿ ನಾಲ್ಕು ಜನರ ಮುಂದೆ ಅವನ ಮರ್ಯಾದೆ ತೆಗೆದಿದ್ದಳು. ಅವನು ಆ ವರ್ಷವೇ ಬೇರೆ ಕೆಲಸ ಹುಡುಕಿಕೊಂಡು ಹೋದ.

ಸೋಮವಾರದ ಸಭೆ ಕರೆದದ್ದು ನಿಜಕ್ಕೂ ಬೇರೆ ವಿಷಯಕ್ಕೆ. ಆಸ್ಪತ್ರೆಗೆ ಹೊಸ ತಂತ್ರಾಂಶ ಬರುವುದಿತ್ತು. ಅದರ ತಳಕ್ಕೆ ಯಾವ ಡೇಟಾಬೇಸ್ ಹಾಕಬೇಕು ಎಂದು ತೀರ್ಮಾನಿಸಬೇಕಿತ್ತು. ಈಗ ಇರುವ ಮೈಎಸ್‌ಕ್ಯುಎಲ್ ಎಂಬುದರ ಹೊಸ ಆವೃತ್ತಿ ಹಾಕೋಣ ಎಂಬುದು ಒಂದು ಪಕ್ಷ. ಅದನ್ನು ಬಿಟ್ಟು ಪೋಸ್ಟ್‌ಗ್ರೆಸ್ ಎಂಬುದಕ್ಕೆ ಹೋಗೋಣ ಎಂಬುದು ತಕರಾರಮ್ಮನ ಪಕ್ಷ. ಆ ಪಕ್ಷದಲ್ಲಿ ಅವಳೊಬ್ಬಳೇ ಇದ್ದಳು. ಎರಡೂ ಮುಕ್ತ ತಂತ್ರಾಂಶಗಳು. ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದು, ಒಳಗೆ ಏನು ಬರೆದಿದೆ ಎಂದು ಬಿಚ್ಚಿ ನೋಡಬಹುದು. "ಎರಡೂ ಬಿಟ್ಟಿ ಅಂದಮೇಲೆ ಜಗಳ ಯಾಕ್ರಮ್ಮ?" ಎಂದು ಆಡಳಿತಾಧಿಕಾರಿ ಒಂದು ವರ್ಷದಿಂದ ಕೇಳುತ್ತಿದ್ದ.

ಜಗಳ ಯಾಕೆ ಎಂದು ಅವಳಿಗೆ ಗೊತ್ತಿತ್ತು. ಡೇಟಾಬೇಸ್ ಎಂದರೆ ಗೆರೆ ಹಾಕಿದ ದೊಡ್ಡದೊಂದು ಪುಸ್ತಕ. ಯಾವ ಕಾಲಮ್ಮು ಎಷ್ಟು ಅಗಲ ಎಂದು ಮೊದಲೇ ಗೊತ್ತು ಮಾಡಿರುತ್ತಾರೆ. ಒಗ್ಗದ ಔಷಧಿಗಳ ಕಾಲಮ್ಮಿಗೆ ಯಾವ ಪುಣ್ಯಾತ್ಮನೋ ಹದಿನೈದು ವರ್ಷದ ಹಿಂದೆ ನಲವತ್ತು ಅಕ್ಷರ ಸಾಕು ಎಂದು ಅಳತೆ ಕೊಟ್ಟಿದ್ದ. ಅದಕ್ಕಿಂತ ಹೆಚ್ಚು ಬಂದರೆ ಪುಸ್ತಕ ಏನು ಮಾಡಬೇಕು? ಹಿಡಿಸುವುದಿಲ್ಲ, ತೆಗೆದುಕೊಳ್ಳುವುದಿಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ಪೋಸ್ಟ್‌ಗ್ರೆಸ್ ಹಾಗೆ ಹೇಳುತ್ತದೆ. ನಮ್ಮ ಸರ್ವರಿನಲ್ಲಿರುವುದು ಹೇಳುತ್ತದೆಯೇ?

ಶುಕ್ರವಾರ ಬೆಳಿಗ್ಗೆ ಅವಳು ಕೂತು ಲೆಕ್ಕ ತೆಗೆದಳು. ಆ ಕಾಲಮ್ಮಿನಲ್ಲಿ ಮೂವತ್ತೆಂಟು ಅಕ್ಷರದ ನಮೂದುಗಳು ಹನ್ನೊಂದು. ಮೂವತ್ತೊಂಬತ್ತರವು ಒಂಬತ್ತು. ನಲವತ್ತರವು ಆರುನೂರ ಹದಿನೇಳು. ನಲವತ್ತೊಂದರದು ಒಂದೂ ಇಲ್ಲ.

ಆರುನೂರ ಹದಿನೇಳು ಜನರಿಗೆ ಒಗ್ಗದ ಔಷಧಿಗಳು ಅಳೆದಂತೆ ನಲವತ್ತೇ ಅಕ್ಷರಕ್ಕೆ ಮುಗಿಯುವುದು ಯಾವ ಊರಿನ ನ್ಯಾಯ? ಗೋಡೆಗೆ ತಲೆ ಬಡಿದು ಅಲ್ಲೇ ಬಿದ್ದ ಹೆಸರುಗಳು ಅವು. ಗಾರೆಯವನ ನಮೂದಿನಲ್ಲಿ ಆ ಅಲ್ಪವಿರಾಮವೇ ನಲವತ್ತನೇ ಅಕ್ಷರ. ಪಟಪಟಿ ನಾಲ್ಕೂ ಹೊಡೆದಿದ್ದಳು. ಪುಸ್ತಕ ನಾಲ್ಕನೆಯದನ್ನು ನುಂಗಿ, ಪರದೆಯ ಮೇಲೆ "ಉಳಿಸಲಾಗಿದೆ" ಎಂದು ಹಸಿರು ಗುರುತು ತೋರಿಸಿತ್ತು. ಮುಂದಿನ ರೋಗಿ ಕಾಯುತ್ತಿರುವಾಗ ಉಳಿಸಿದ್ದನ್ನು ಮತ್ತೆ ತೆರೆದು ನೋಡುವ ಪದ್ಧತಿ ಯಾವ ಕೌಂಟರಿನಲ್ಲಿದೆ?

ತಕರಾರಮ್ಮನ ಮೈಯೆಲ್ಲ ಉರಿಯಿತು. ಉರಿಯ ಒಳಗೆ ಒಂದಿಷ್ಟು ಸಂತೋಷವೂ ಇತ್ತೆಂದು ಹೇಳದಿದ್ದರೆ ಸುಳ್ಳಾಗುತ್ತದೆ. ವರ್ಷದಿಂದ ಬಡಿದುಕೊಂಡದ್ದಕ್ಕೆ ಈಗ ಸಾಕ್ಷಿ ಸಿಕ್ಕಿತ್ತು.

ಸಾಕ್ಷಿಯನ್ನು ಹಿಡಿದು ಅವಳು ನೇರ ಸಲಹೆಗಾರನ ಬಳಿಗೆ ಹೋದಳು. ಹೊಸ ತಂತ್ರಾಂಶಕ್ಕೆಂದು ಹೊರಗಿನಿಂದ ಕರೆಸಿದ್ದ ಆಸಾಮಿ ಅವನು. ಬೆಳಕಿನ ಚುಕ್ಕೆ ಬೀಳುವ ಕಡ್ಡಿಯೊಂದನ್ನು ಹಿಡಿದುಕೊಂಡೇ ಮಾತಾಡುತ್ತಿದ್ದ. ಗೋಡೆ ಇಲ್ಲದ ಕಡೆ ಎದುರಿಗಿದ್ದವರ ಹೊಟ್ಟೆಯ ಮೇಲೆ ಬಿಡುತ್ತಿದ್ದ. ಆಸ್ಪತ್ರೆಯವರು ಕೆಂಪುಚುಕ್ಕೆ ಎನ್ನುತ್ತಿದ್ದರು.

"ಮೇಡಂ, ಜಗತ್ತಿನ ಅರ್ಧ ವೆಬ್‌ಸೈಟು ಮೈಎಸ್‌ಕ್ಯುಎಲ್ ಮೇಲೇ ನಡೀತಿದೆ," ಎಂದ ಕೆಂಪುಚುಕ್ಕೆ.

"ಜಗತ್ತಿನ ಅರ್ಧ ವೆಬ್‌ಸೈಟು ಯಾರಿಗೂ ಇಂಜೆಕ್ಷನ್ ಚುಚ್ಚಲ್ಲ."

"ಗೊತ್ತಿರೋ ಜನ ಸುಲಭವಾಗಿ ಸಿಗ್ತಾರೆ. ವೇಗವಾಗಿದೆ."

"ಯಾವುದರಲ್ಲಿ ವೇಗ? ಕತ್ತರಿಸೋದ್ರಲ್ಲಾ? ಇಲ್ಲಿ ನೋಡಿ." ಅವಳು ಲೆಕ್ಕದ ಹಾಳೆಯನ್ನು ಅವನ ಎದೆಗೆ ಒತ್ತಿದಳು.

ಅವನು ಓದಿದ. ಕಡ್ಡಿಯನ್ನು ಜೇಬಿಗೆ ಹಾಕಿದ. ಮೊದಲ ಸಲ ಅವನ ಮುಖದಲ್ಲಿ ಒಬ್ಬ ಕೆಲಸ ಬಲ್ಲವನು ಕಾಣಿಸಿಕೊಂಡ. ಅದು ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು.

"ಹೀಗಾಗಬಾರದಲ್ಲ ಮೇಡಂ. ನಿಮ್ಮ ಆವೃತ್ತಿಯಲ್ಲಿ ಬಿಗಿ ನಿಯಮ ತಾನಾಗೇ ಇರುತ್ತೆ. ಅಳತೆ ಮೀರಿದ್ರೆ ತಗೊಳ್ಳಲ್ಲ. ಯಾರೋ ಅದನ್ನ ಆಫ್ ಮಾಡಿರಬೇಕು."

"ನಮ್ಮಲ್ಲಿ ಯಾರೂ ಅಂಥ ಕೆಲಸ ಮಾಡಲ್ಲ."

"ಒಂದ್ಸಲ ನೋಡಿಬಿಡಿ."

"ನೀವು ನಿಮ್ಮ ಚುಕ್ಕೆ ನೋಡ್ಕೊಳಿ," ಎಂದು ಅವಳು ಹೊರಟುಬಂದಳು.

ಶನಿವಾರ ಮಧ್ಯಾಹ್ನ ಅವಳು ಮನೆಯಲ್ಲೇ ತನ್ನ ಕಂಪ್ಯೂಟರಿನ ಮೇಲೆ ಸೋಮವಾರದ ಪ್ರದರ್ಶನಕ್ಕೆ ತಯಾರಿ ನಡೆಸಿದಳು. ಆಸ್ಪತ್ರೆಯಲ್ಲಿದ್ದ ಆವೃತ್ತಿಯನ್ನೇ ಹೊಸದಾಗಿ ಇಳಿಸಿ, ನಲವತ್ತು ಅಕ್ಷರದ ಕಾಲಮ್ಮು ಮಾಡಿ, ಅದರೊಳಕ್ಕೆ ಅರವತ್ತು ಅಕ್ಷರ ತುರುಕಿದಳು. ಎಲ್ಲರ ಕಣ್ಣೆದುರು ಅದು ಇಪ್ಪತ್ತನ್ನು ನುಂಗುವಾಗ ಆಡಳಿತಾಧಿಕಾರಿಯ ಮುಖ ಹೇಗಾಗಬಹುದು ಎಂದು ಯೋಚಿಸುತ್ತಲೇ ಗುಂಡಿ ಒತ್ತಿದಳು.

ಅದು ನುಂಗಲಿಲ್ಲ. ಹಿಡಿಸುವುದಿಲ್ಲ ಎಂದಿತು. ಮತ್ತೆ ಒತ್ತಿದಳು. ಮತ್ತೆ ಹಿಡಿಸುವುದಿಲ್ಲ ಎಂದಿತು.

ಬೇರೆಯವರಾಗಿದ್ದರೆ ಅಲ್ಲೇ ಅರ್ಥ ಮಾಡಿಕೊಳ್ಳುತ್ತಿದ್ದರೋ ಏನೋ. ತಕರಾರಮ್ಮನಿಗೆ ಕೋಪ ಬಂತು. ಇಳಿಸಿಕೊಂಡದ್ದೇ ತಪ್ಪಿರಬೇಕು ಎಂದು ಅಳಿಸಿ, ಇನ್ನೊಮ್ಮೆ ಇಳಿಸಿ, ಕತ್ತಲಾಗುವವರೆಗೂ ಹಲ್ಲು ಕಡಿಯುತ್ತ ಕೂತಳು. ಗಂಡ ತಟ್ಟೆ ಹಾಕಿ ಎರಡು ಸಲ ಕೂಗಿದ.

ಗಂಡ ಮೂವತ್ತು ವರ್ಷ ಯಂತ್ರದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಮಾತು ಕಡಿಮೆ. ಎಡಗೈಯ ಕಿರುಬೆರಳಿನ ತುದಿ ಇರಲಿಲ್ಲ.

"ಅದೇ ಮೆಷಿನ್ನು, ಅದೇ ಮಾದರಿ," ಎಂದಳು ಅವಳು ಅನ್ನ ಕಲಸುತ್ತ. "ಆಸ್ಪತ್ರೇಲಿ ಕತ್ತರಿಸುತ್ತೆ, ಮನೇಲಿ ಕತ್ತರಿಸಲ್ಲ. ನನ್ನನ್ನ ಮೂರ್ಖಳು ಅಂದ್ಕೊಂಡಿದೆಯಾ ಅದು?"

"ಗಾರ್ಡ್ ಕಟ್ಟಿದಾರೆ," ಎಂದ ಗಂಡ.

"ಏನು?"

"ನಮ್ಮ ತಗಡು ಒತ್ತೋ ಪ್ರೆಸ್ಸಿಗೂ ಗಾರ್ಡ್ ಇತ್ತು. ಕೈ ಒಳಗಿದ್ರೆ ಮೆಷಿನ್ನು ಇಳೀತಿರಲಿಲ್ಲ. ಒಂದಿನ ಮಾಲು ಜಾಸ್ತಿ ಹೋಗಬೇಕಿತ್ತು, ಅದು ಪದೇಪದೇ ನಿಲ್ತಿತ್ತು. ತಂತಿ ಹಾಕಿ ಕಟ್ಟಿಬಿಟ್ರು. ಸಂಜೆ ಬಿಚ್ಚೋಣ ಅಂದ್ಕೊಂಡ್ರು." ಅವನು ಬೆರಳನ್ನು ತೋರಿಸಲಿಲ್ಲ, ತುತ್ತು ಬಾಯಿಗಿಟ್ಟುಕೊಂಡ. "ಕಟ್ಟಿದೋನು ಕೆಟ್ಟೋನೇನಲ್ಲ. ನಮ್ಮ ಮೇಸ್ತ್ರಿ."

"ನಮ್ಮಲ್ಲಿ ಹಾಗೆಲ್ಲ ಬದಲಾಯಿಸಿದ್ರೆ ಗುರುತು ಹಾಕಬೇಕು. ಗುರುತು ಹಾಕದೆ ಯಾವನಾದ್ರೂ ಮಾಡಿದ್ರೆ..."

"ಹಾಗಾದ್ರೆ ಗುರುತು ಇರುತ್ತಲ್ಲ. ಹೋಗಿ ನೋಡು."

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೇ ಅವಳು ಸರ್ವರ್ ಕೋಣೆಯಲ್ಲಿದ್ದಳು. ಕಿಟಕಿ ಇಲ್ಲದ ಸಣ್ಣ ಕೋಣೆ, ಕೊರೆಯುವ ಚಳಿ, ಯಂತ್ರಗಳ ಗುಂಯ್ ಸದ್ದು. ಹಿಂದಿನ ಇಂಜಿನಿಯರನ ಹೆಸರು ಅವಳ ಬಾಯಲ್ಲಿ ಸಿದ್ಧವಾಗಿತ್ತು. ಅವನಿಗೆ ಫೋನು ಮಾಡಿ ಆಡಬೇಕಾದ ಮಾತುಗಳನ್ನೂ ಬಸ್ಸಿನಲ್ಲೇ ಜೋಡಿಸಿಕೊಂಡಿದ್ದಳು. ಡೇಟಾಬೇಸಿನ ಕಟ್ಟಳೆಗಳನ್ನೆಲ್ಲ ಬರೆದಿಡುವ ಕಡತವೊಂದು ಇರುತ್ತದೆ. ಅದನ್ನು ತೆರೆದು ಒಂದೊಂದೇ ಸಾಲು ಇಳಿದಳು.

ಸಾಲು ಅಲ್ಲಿತ್ತು. ಬಿಗಿ ನಿಯಮದ ಎದುರು ಖಾಲಿ. ಅಂದರೆ ಯಾವ ನಿಯಮವೂ ಬೇಡ. ಅದರ ಮೇಲೆ, ಕಟ್ಟಳೆಯ ಪ್ರಕಾರ, ತಾರೀಖಿತ್ತು. ಎಂಟು ವರ್ಷದ ಹಿಂದಿನದು. ಕಾರಣವಿತ್ತು: "ತಾತ್ಕಾಲಿಕ. ಫಾರಂಗಳನ್ನು ಸರಿಪಡಿಸಿದ ಮೇಲೆ ತೆಗೆಯುವುದು." ಗುರುತೂ ಇತ್ತು. ಅದು ಅವಳದೇ.

ಅವಳು ಎರಡು ಸಲ ಕನ್ನಡಕ ಒರೆಸಿಕೊಂಡಳು. ಗುರುತು ಬದಲಾಗಲಿಲ್ಲ.

ಆ ದಿನ ಈಗ ಕಣ್ಣಿಗೆ ಕಟ್ಟಿದಂತೆ ನೆನಪಾಯಿತು. ಹಿಂದಿನ ರಜೆಯಲ್ಲಿ ಹಳೆಯ ಆವೃತ್ತಿ ತೆಗೆದು ಹೊಸದು ಹಾಕಿದ್ದರು. ಹಳೆಯದು ಏನು ಕೊಟ್ಟರೂ ನುಂಗುತ್ತಿತ್ತು, ಹೊಸದು ಬಿಗಿಯಾಗಿತ್ತು. ಸೋಮವಾರ ಬೆಳಿಗ್ಗೆ ಐದೂ ಕೌಂಟರು ನಿಂತವು. ಹುಟ್ಟಿದ ತಾರೀಖು ಗೊತ್ತಿಲ್ಲದವರ ಎದುರು ಸೊನ್ನೆ ಹಾಕಿದರೆ ಬೇಡ ಎಂದಿತು, ವಿಳಾಸ ಉದ್ದವಾದರೆ ಬೇಡ ಎಂದಿತು, ಔಷಧಿಗಳ ಪಟ್ಟಿ ಉದ್ದವಾದರೆ ಬೇಡ ಎಂದಿತು. ಸರತಿ ಸಾಲು ಗೇಟಿನವರೆಗೆ ಹೋಯಿತು. ಒಬ್ಬ ಮುದುಕ ಕುಸಿದು ಬಿದ್ದ. ಆಗಿನ ಆಡಳಿತಾಧಿಕಾರಿ ಫೋನಿನಲ್ಲಿ ಕಿರುಚಿದ. ಅವಳು ಇದೇ ಕೋಣೆಗೆ ಓಡಿಬಂದು, ಇದೇ ಕುರ್ಚಿಯಲ್ಲಿ ಕೂತು, ಒಂದು ಸಾಲು ಬರೆದಳು. ಕೌಂಟರುಗಳು ಮತ್ತೆ ಓಡಿದವು. ಎಲ್ಲರೂ ಭೇಷ್ ಎಂದರು. ಫಾರಂಗಳನ್ನು ಆ ತಿಂಗಳೇ ಸರಿಪಡಿಸುವುದಿತ್ತು. ಆ ತಿಂಗಳು ಅತ್ತೆ ಕಾಯಿಲೆ ಬಿದ್ದರು. ಮುಂದಿನ ತಿಂಗಳು ಏನಿತ್ತೋ ಈಗ ನೆನಪಿಗೂ ಬರುವುದಿಲ್ಲ.

ಕೋಪ ಇನ್ನೂ ಅಷ್ಟೇ ಇತ್ತು, ಮುಖ ಮಾತ್ರ ತಿರುಗಿತ್ತು. ಒಂದು ಗಳಿಗೆ ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಅವಳು ಮೇಜನ್ನು ಅಂಗೈಯಿಂದ ಹೊಡೆದಳು. ಮೇಜಿಗೇನೂ ಆಗಲಿಲ್ಲ.

ಆಮೇಲೆ ಬಂದ ಯೋಚನೆಯನ್ನೂ ಹೇಳಬೇಕು. ಈ ಕಡತ ತೆರೆಯುವ ಅಧಿಕಾರ ಈಗ ಆಸ್ಪತ್ರೆಯಲ್ಲಿ ಅವಳೊಬ್ಬಳಿಗೇ ಇತ್ತು. ಸಾಲನ್ನು ಹಾಗೇ ಬಿಟ್ಟು ಮೇಲಿನ ಗುರುತನ್ನಷ್ಟೇ ಅಳಿಸಿದರೆ ಸಾಕು. ಡೇಟಾಬೇಸ್ ಕತ್ತರಿಸುವುದನ್ನು ಎಲ್ಲರಿಗೂ ತೋರಿಸಬಹುದು, ಪಟಪಟಿಯ ಕೆಲಸ ಉಳಿಯುತ್ತದೆ, ಪೋಸ್ಟ್‌ಗ್ರೆಸ್ ಗೆಲ್ಲುತ್ತದೆ, ತಪ್ಪು ಯಾರದೆಂದರೆ ಗುರುತು ಹಾಕದೆ ಬಿಟ್ಟುಹೋದ ಆ ಇಂಜಿನಿಯರನದು. ಎಲ್ಲರೂ ನಂಬುತ್ತಾರೆ, ಅವನು ಅಂಥವನೆಂದು ಅವಳೇ ಕ್ಯಾಂಟೀನಿನಲ್ಲಿ ಸಾರಿದ್ದಳಲ್ಲ. ಬೆರಳು ಅಳಿಸುವ ಗುಂಡಿಯ ಮೇಲೆಯೇ ಇತ್ತು. ಎಷ್ಟು ಹೊತ್ತು ಇತ್ತು ಎಂದು ಅವಳು ಗಂಡನಿಗೂ ಹೇಳಲಿಲ್ಲ.

ಕೊನೆಗೆ ಆ ಪುಟವನ್ನು ಮುದ್ರಿಸಿಕೊಂಡಳು. ಐದು ಪ್ರತಿ. ಕಡತದಲ್ಲಿದ್ದ ಸಾಲನ್ನು ಮುಟ್ಟಲಿಲ್ಲ. ಸೋಮವಾರ ಎಲ್ಲರೂ ನೋಡುವವರೆಗೆ ಅದು ಅಲ್ಲೇ ಇರಬೇಕಾಗಿತ್ತು.

ಸೋಮವಾರ ಹನ್ನೊಂದಕ್ಕೆ ಸಭೆ. ಉದ್ದನೆಯ ಮೇಜು, ಎರಡು ಫ್ಯಾನು, ಒಂದು ತಿರುಗುತ್ತಿರಲಿಲ್ಲ. ತಲೆಕಡೆ ಆಡಳಿತಾಧಿಕಾರಿ, ಅವನ ಬಲಕ್ಕೆ ಕೆಂಪುಚುಕ್ಕೆ, ಎಡಕ್ಕೆ ಅರಿವಳಿಕೆ ಕೊಡುವ ಡಾಕ್ಟರಮ್ಮ. ಗಾರೆಯವನ ಗಂಟಲಿಗೆ ನಳಿಗೆ ಇಳಿಸಿ ಉಳಿಸಿದ್ದವರು ಅವರೇ. ಹೊಸ ತಂತ್ರಾಂಶದ ಬಗ್ಗೆ ಕೊನೆಯ ಮಾತೂ ಅವರದೇ. ಪಟಪಟಿಯನ್ನು ಬಾಗಿಲ ಹತ್ತಿರ ನಿಲ್ಲಿಸಿದ್ದರು.

"ಮೊದಲು ಅವಳಿಗೊಂದು ಕುರ್ಚಿ ಕೊಡಿ," ಎಂದಳು ತಕರಾರಮ್ಮ.

"ವಿಚಾರಣೆ ಎರಡೇ ನಿಮಿಷದ್ದು."

"ನಿಂತೇ ಕೇಳೋ ಮಾತಾದ್ರೆ ನೀವೂ ಎದ್ದು ನಿಂತ್ಕೊಳಿ ಸಾರ್."

ಕುರ್ಚಿ ಬಂತು. ತಕರಾರಮ್ಮ ಆಸ್ಪತ್ರೆಯ ಸರ್ವರಿನ ನಕಲನ್ನು ಪರದೆಗೆ ಹಾಕಿಸಿದಳು. ಪಟಪಟಿಯನ್ನು ಕರೆದು ಆ ಹಳೆಯ ಚೀಟಿಯನ್ನು ಕೊಟ್ಟಳು. "ಹೊಡಿ. ಅವತ್ತಿನ ಥರಾನೇ."

ಪಟಪಟಿ ಹೊಡೆದಳು. ನಾಲ್ಕು ಹೆಸರೂ ಪರದೆಯ ಮೇಲೆ ಎಲ್ಲರಿಗೂ ಕಂಡವು. ಉಳಿಸಲಾಗಿದೆ ಎಂಬ ಹಸಿರು ಗುರುತು ಬಂತು. ತಕರಾರಮ್ಮ ಅದೇ ದಾಖಲೆಯನ್ನು ಮತ್ತೆ ತೆರೆಸಿದಳು. ಮೂರು ಹೆಸರು, ಒಂದು ಅಲ್ಪವಿರಾಮ.

ಪಟಪಟಿಯ ಬಾಯಿ ಅರೆ ತೆರೆದಿತ್ತು.

"ಈಗ ಯಾರು ಚಹಾಕ್ಕೆ ಎದ್ದು ಹೋದ್ರು ಸಾರ್?" ಎಂದಳು ತಕರಾರಮ್ಮ.

ಆಡಳಿತಾಧಿಕಾರಿ ಕೆಂಪುಚುಕ್ಕೆಯ ಕಡೆ ತಿರುಗಿದ. "ಏನ್ರೀ ಇದು? ಇದನ್ನೇ ಹಾಕೋಣ ಅಂತೀರಲ್ಲ ನೀವು?"

"ಬೈಬೇಡಿ ಅವರನ್ನ," ಎಂದಳು ತಕರಾರಮ್ಮ. "ಅವರು ಶುಕ್ರವಾರವೇ ಸರಿಯಾಗಿ ಹೇಳಿದ್ರು, ನಾನು ಕೇಳಲಿಲ್ಲ. ಇದಕ್ಕೆ ಬೇಡ ಅನ್ನೋಕೆ ಬರುತ್ತೆ. ಬಾಯಿ ಕಟ್ಟಿದೋಳು ನಾನು." ಐದು ಪ್ರತಿಗಳನ್ನು ಮೇಜಿನ ಮೇಲೆ ಹಂಚಿದಳು. "ತಾರೀಖಿದೆ, ಕಾರಣ ಇದೆ, ನನ್ನ ಗುರುತಿದೆ. ಓದ್ಕೊಳಿ."

ಓದಿಕೊಂಡರು. ಹಾಳೆಯ ಸದ್ದು, ಒಂದು ಫ್ಯಾನಿನ ಸದ್ದು. ಆಡಳಿತಾಧಿಕಾರಿಯ ಮುಖ ನಿಧಾನಕ್ಕೆ ಅರಳಿತು. ಒಂದು ವರ್ಷದಿಂದ ಈ ಹೆಂಗಸು ಅವನ ನೆಮ್ಮದಿ ಕೆಡಿಸಿದ್ದಳು.

"ಹಾಗಾದ್ರೆ ನೋಟಿಸು ನಿಮಗೆ ಕೊಡಬೇಕಾಗುತ್ತೆ."

"ಕೊಡಿ. ಆದ್ರೆ ಅವಳಿಗೆ ಕೊಟ್ಟಿದ್ದನ್ನ ವಾಪಸು ತಗೊಂಡಿದೀನಿ ಅಂತ ಈಗಲೇ ಬರೀರಿ. ನನ್ನ ಎದುರಿಗೆ."

"ಆಮೇಲೆ ಆದೇಶ ಹೊರಡಿಸ್ತೀವಿ."

"ಈಗಲೇ ಬರೀರಿ," ಎಂದರು ಅರಿವಳಿಕೆಯ ಡಾಕ್ಟರಮ್ಮ. ಅವರು ದನಿ ಏರಿಸಿರಲಿಲ್ಲ. ಆಡಳಿತಾಧಿಕಾರಿ ಪೆನ್ನು ತೆಗೆದ.

ಅವನು ಬರೆದು ಮುಗಿಸಿದ ಮೇಲೆ ಕೆಂಪುಚುಕ್ಕೆ ಗಂಟಲು ಸರಿಮಾಡಿಕೊಂಡ. "ಅಂದಮೇಲೆ ಡೇಟಾಬೇಸಿನ ತಪ್ಪೇನೂ ಇಲ್ಲ ಅಂತಾಯ್ತು. ಬಿಗಿ ನಿಯಮ ಹಾಕಿ ಇದನ್ನೇ ಮುಂದುವರಿಸಬಹುದು. ಅಳತೆ ವಿಷಯದಲ್ಲಿ ಎರಡೂ ಒಂದೇ ಥರ ನಡ್ಕೊಳ್ತವೆ."

"ಎಲ್ಲಾ ಸರಿ ಇರೋ ದಿನ ಒಂದೇ ಥರ," ಎಂದಳು ತಕರಾರಮ್ಮ. "ಜನರ ಸಾಲು ಗೇಟಿನ ತನಕ ನಿಂತಿರೋ ದಿನದ ಮಾತು ಹೇಳಿ. ಇದರಲ್ಲಿ ಒಂದು ಸಾಲು ಬರೆದ್ರೆ ನಿಯಮ ಆಫ್ ಆಗುತ್ತೆ. ಸರ್ವರಿಗೆ ಕೈ ಹಾಕೋದೂ ಬೇಡ; ಮೇಲಿನ ಪ್ರೋಗ್ರಾಮು ತನ್ನ ಮಟ್ಟಿಗೆ ಆಫ್ ಮಾಡ್ಕೋಬಹುದು. ಹೌದೋ ಅಲ್ವೋ?"

"ಹೌದು," ಎಂದ ಅವನು. ಸುಳ್ಳು ಹೇಳುವವನಲ್ಲ.

"ಪೋಸ್ಟ್‌ಗ್ರೆಸ್‌ನಲ್ಲಿ ಆ ಸ್ವಿಚ್ಚು ಎಲ್ಲಿದೆ ತೋರಿಸಿ."

"ಇಲ್ಲ ಮೇಡಂ. ಆದ್ರೆ ಕಾಲಮ್ಮನ್ನೇ ಅಗಲ ಮಾಡಬಹುದಲ್ಲ ಯಾರಾದ್ರೂ?"

"ಮಾಡಲಿ. ಅಗಲ ಮಾಡಿದ್ರೆ ಏನೂ ಕಳೆದುಹೋಗಲ್ಲ. ಅವತ್ತು ಈ ಸ್ವಿಚ್ಚು ಇಲ್ಲದೇ ಇದ್ದಿದ್ರೆ ನಾನು ಅದನ್ನೇ ಮಾಡ್ತಿದ್ದೆ, ಬೇರೆ ದಾರಿ ಇರ್ತಿರಲಿಲ್ಲ. ನನ್ನಷ್ಟು ತಕರಾರು ಮಾಡೋರು ಈ ಆಸ್ಪತ್ರೇಲಿ ಇನ್ನೊಬ್ಬರಿಲ್ಲ. ನಾನೇ ಸ್ವಿಚ್ಚು ಒತ್ತಿದೆ. ನಾಳೆ ಈ ಕುರ್ಚೀಲಿ ಯಾರು ಕೂರ್ತಾರೋ ಅವರೂ ಒತ್ತುತಾರೆ. ನನ್ನ ಮಾತು ಕೇಳದೇ ಇರೋ ಡೇಟಾಬೇಸು ಬೇಕು ನಿಮಗೆ."

ಡಾಕ್ಟರಮ್ಮ ಮುದ್ರಿತ ಹಾಳೆಯನ್ನು ಮಡಿಸಿದರು. "ಸಾಲು ಗೇಟಿನ ತನಕ ನಿಂತ ದಿನ ನಿಮ್ಮದು ಏನು ಮಾಡುತ್ತೆ?"

"ಕೌಂಟರು ನಿಲ್ಲುತ್ತೆ ಡಾಕ್ಟ್ರೇ."

"ಜನ ಬೈತಾರೆ."

"ಬೈತಾರೆ."

"ಬೈಸ್ಕೊಳ್ಳೋಣ. ಊದಿಕೊಂಡ ಗಂಟಲಲ್ಲಿ ದಾರಿ ಹುಡುಕೋದಕ್ಕಿಂತ ಅದು ಸುಲಭ." ಅವರು ಎದ್ದರು. "ಪೋಸ್ಟ್‌ಗ್ರೆಸ್ ಅಂತ ಬರ್ಕೊಳಿ."

ಹೀಗೆ ತಕರಾರಮ್ಮ ಗೆದ್ದಳು. ಅದೇ ದಿನ ಎರಡೂವರೆಗೆ ಅವಳ ಮೇಜಿಗೆ ಆದೇಶ ಬಂತು: ವಿಚಾರಣೆ ಮುಗಿಯುವವರೆಗೆ ಸರ್ವರ್ ಕೋಣೆಯ ಕೀಲಿ ಒಪ್ಪಿಸತಕ್ಕದ್ದು, ನೆಲಮಾಳಿಗೆಯ ರೆಕಾರ್ಡ್ ರೂಮಿನಲ್ಲಿ ಕೆಲಸ ಮಾಡತಕ್ಕದ್ದು. ಹೊಸ ಡೇಟಾಬೇಸನ್ನು ಕೂರಿಸುವ ಹೊಣೆ ಕೆಂಪುಚುಕ್ಕೆಗೆ. ಅದರಲ್ಲಿ ಅನ್ಯಾಯವೇನೂ ಕಾಣಲಿಲ್ಲ ಅವಳಿಗೆ. ಸಿಟ್ಟು ಮಾತ್ರ ಬಂತು.

ಮೆಟ್ಟಿಲ ಹತ್ತಿರ ಪಟಪಟಿ ಕಾದಿದ್ದಳು. ತಕರಾರಮ್ಮ ತನಗೆ ಧನ್ಯವಾದ ಬರಲಿದೆ ಎಂದುಕೊಂಡಿದ್ದಳೋ ಏನೋ. ಕೈಯನ್ನು ಅರ್ಧ ಚಾಚಿದ್ದಳು.

"ನಾಲ್ಕು ದಿನ," ಎಂದಳು ಪಟಪಟಿ. "ನಾಲ್ಕು ದಿನ ನಾನು ನನ್ನ ಬೆರಳನ್ನೇ ನಂಬಲಿಲ್ಲ. ಮನೇಲಿ ಮಗಳ ಮುಖ ನೋಡೋಕಾಗಲಿಲ್ಲ. ಒಬ್ಬ ಮನುಷ್ಯನ್ನ ಸಾಯಿಸಿಬಿಡ್ತಿದ್ದೆ ಅಂದ್ಕೊಂಡೆ. ಅದೆಲ್ಲ ನೀವು ಬರೆದ ಒಂದು ಸಾಲು."

"ಹೌದು."

"ಎಂಟು ವರ್ಷ ಎಲ್ಲರ ತಪ್ಪನ್ನೂ ಎತ್ತಿ ತೋರಿಸಿದ್ರಲ್ಲ. ನಿಮ್ಮದೊಂದು ಕಾಣಲಿಲ್ಲವಾ?"

"ಕಾಣಲಿಲ್ಲ."

"ಬರೀ ಹೌದು, ಇಲ್ಲ ಅಂದ್ರೆ ನಾನು ಯಾರ ಹತ್ರ ಜಗಳ ಆಡಲಿ?"

ತಕರಾರಮ್ಮ ಚಾಚಿದ್ದ ಕೈಯಲ್ಲಿ ಚೀಲ ಹಿಡಿದುಕೊಂಡಳು. "ಇನ್ನೂ ಆರುನೂರ ಹದಿನಾರು ಜನ ಇದಾರೆ," ಎಂದಳು. "ಮೂರು ವರ್ಷಕ್ಕಿಂತ ಹಳೇ ಚೀಟಿಗಳನ್ನ ನಾಶ ಮಾಡಿಬಿಟ್ಟಿದಾರೆ. ಅವರಿಗೆಲ್ಲ ಫೋನು ಮಾಡಿ ಕೇಳಬೇಕು. ಇವತ್ತೇ ಶುರು ಮಾಡ್ತೀನಿ."

ಪಟಪಟಿ ಅವಳನ್ನು ದಾಟಿ ಹೋದಳು. ಕೌಂಟರಿಗೆ ಹೋಗಿ ಬದಲಿಗೆ ಬಂದವಳಿಗೆ ಏನೋ ಹೇಳಿ, ಅರ್ಧ ಗಂಟೆಯ ಮೇಲೆ ತಾನೇ ನೆಲಮಾಳಿಗೆಗೆ ಇಳಿದು ಬಂದಳು. ತಕರಾರಮ್ಮನ ಮುಂದಿದ್ದ ಪಟ್ಟಿಯಿಂದ ಮೇಲಿನ ಅರ್ಧವನ್ನು ಎತ್ತಿಕೊಂಡು ಇನ್ನೊಂದು ಫೋನಿನ ಮುಂದೆ ಕೂತಳು. "ನಿಮಗೋಸ್ಕರ ಬಂದಿಲ್ಲ," ಎಂದಳು. ಅದು ತಕರಾರಮ್ಮನಿಗೆ ಗೊತ್ತಿತ್ತು.

ಮೊದಲ ಎರಡು ನಂಬರು ಹೋಗಲಿಲ್ಲ. ಮೂರನೆಯದರಲ್ಲಿ ಒಬ್ಬ ಹೆಂಗಸು ಎತ್ತಿದಳು. ತಕರಾರಮ್ಮ ತಾನು ಯಾರು ಎಂದು ಹೇಳಿ, ಏನಾಗಿದೆ ಎಂದು ಹೇಳಿ, ತಪ್ಪು ತನ್ನದೆಂದೂ ಹೇಳಿ, ಐದು ವರ್ಷದ ಹಿಂದೆ ಬಂದಿದ್ದ ಅವಳ ತಾಯಿಗೆ ಯಾವ ಯಾವ ಔಷಧಿ ಒಗ್ಗುವುದಿಲ್ಲ ಎಂದು ಕೇಳಿದಳು.

"ಐದು ವರ್ಷದ ಮೇಲೆ ಕೇಳ್ತಿದೀರಾ?" ಎಂದಿತು ಆ ಕಡೆಯ ದನಿ. "ಈ ಐದು ವರ್ಷದಲ್ಲಿ ನಮ್ಮ ಅಮ್ಮನ್ನ ಎರಡು ಸಲ ಅಲ್ಲೇ ಅಡ್ಮಿಟ್ ಮಾಡಿದೀನಿ! ನಿಮಗೆ ನಾಚಿಕೆ ಆಗಲ್ವಾ? ಅಲ್ಲಿ ಕೂತ್ಕೊಂಡು ಏನ್ರೀ ಮಾಡ್ತೀರಾ ನೀವೆಲ್ಲ?"

ಬೈಗುಳ ಬಹಳ ಹೊತ್ತು ನಡೆಯಿತು. ತಕರಾರಮ್ಮ ಒಂದು ಮಾತಿಗೂ ಎದುರಾಡಲಿಲ್ಲ, ರಿಸೀವರನ್ನು ಕಿವಿಯಿಂದ ದೂರ ಹಿಡಿಯಲಿಲ್ಲ. ಆ ಕಡೆಯವಳು ಉಸಿರು ತೆಗೆದುಕೊಳ್ಳಲು ನಿಂತಾಗ, "ಹೆಸರುಗಳನ್ನ ನಿಧಾನಕ್ಕೆ ಹೇಳಿ," ಎಂದಳು. "ಒಂದೂ ಬಿಡಬೇಡಿ. ಬರ್ಕೊಂಡು ನಿಮಗೇ ಓದಿ ಹೇಳ್ತೀನಿ."